ಬೆಕ್ಕಿಗೆ ಪ್ಯಾರಾಸಿಟಮಾಲ್ ಬೇಡ, ಕಾಲು ಮಾತ್ರೆಯೂ ಬೇಡ

ಮೊನ್ನೆ ದೊಡ್ಡಮ್ಮ ಫೋನ್ ಮಾಡಿ, "ನಮ್ಮ ಬೆಕ್ಕಿಗೆ ಮೈ ಸುಡುತ್ತಿದೆ ಕಣೇ, ಜ್ವರದ ಮಾತ್ರೆ ಅರ್ಧ ಹಾಕಲೋ, ಕಾಲು ಸಾಕೋ?" ಎಂದು ಕೇಳಿದರು. ನಾನು ಕೂಗಿದ ಕೂಗಿಗೆ ಅವರು ಬೆಚ್ಚಿಬಿದ್ದಿರಬೇಕು. ಹೋದ ವರ್ಷ ಇದೇ ಪ್ರಶ್ನೆಗೆ ಪಶುವೈದ್ಯರನ್ನು ಕೇಳದೆ ನಾನೇ ಉತ್ತರ ಕಂಡುಕೊಂಡಿದ್ದೆ.

ನಮ್ಮ ಬೆಳ್ಳಿ ಮೂರೂವರೆ ಕಿಲೋ ತೂಗುವ ಊರಬೆಕ್ಕು. ಆಷಾಢದ ಮಳೆ ಹಿಡಿದುಕೊಂಡಿತ್ತು. ಎರಡು ದಿನದಿಂದ ಬೆಳ್ಳಿ ಅನ್ನ ಮುಟ್ಟದೆ ಬಚ್ಚಲಿನ ಹಂಡೆಯೊಲೆಯ ಪಕ್ಕ ಮುದುಡಿ ಮಲಗಿತ್ತು. ಕಿವಿ ಮುಟ್ಟಿ ನೋಡಿದರೆ ಬಿಸಿ. ಒಲೆಯ ಪಕ್ಕ ಮಲಗಿದ ಬೆಕ್ಕಿನ ಕಿವಿ ಬಿಸಿಯಾಗಿರದೆ ಇನ್ನೇನಾಗಿರುತ್ತದೆ ಎಂದು ಈಗ ಅನ್ನಿಸುತ್ತದೆ. ಆಗ ಹೊಳೆಯಲಿಲ್ಲ. ಮೇಲಾಗಿ ಬೆಕ್ಕಿನ ಮೈ ಯಾವಾಗಲೂ ನಮ್ಮದಕ್ಕಿಂತ ಬೆಚ್ಚಗೇ ಇರುತ್ತದೆ. ನೂರೂವರೆಯಿಂದ ನೂರಾ ಎರಡೂವರೆ ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸಹಜ. ನಮಗೆ ಜ್ವರ ಎನಿಸುವುದು ಅದಕ್ಕೆ ಆರೋಗ್ಯ.

ಕೊರೊನಾ ಬಂದುಹೋದ ಮೇಲೆ ಯಾರ ಮನೆಯ ಡಬ್ಬಿಯಲ್ಲಿ 650ರ ಮಾತ್ರೆ ಇಲ್ಲ? ಆದರೂ ಮೆಡಿಕಲ್ ಅಂಗಡಿಗೆ ಹೋದಾಗ ಒಂದು ಮಾತು ಹೇಳಿದೆ. "ಮಕ್ಕಳಿಗೇ ಕೊಡುತ್ತೇವಲ್ಲ, ಕಾಲು ಭಾಗ ಕೊಡಿ, ಏನೂ ಆಗುವುದಿಲ್ಲ" ಎಂದರು ಅಂಗಡಿಯವರು. ಅವರನ್ನು ದೂರುವುದಿಲ್ಲ, ನನಗೆ ಬೇಕಾಗಿದ್ದ ಮಾತನ್ನೇ ಅವರು ಆಡಿದ್ದರು. ರಾತ್ರಿ ಒಂಬತ್ತಕ್ಕೆ ಕಾಲು ಮಾತ್ರೆಯನ್ನು ಜೇನಿನಲ್ಲಿ ಅರೆದು ಬೆಳ್ಳಿಯ ಬಾಯಿಗೆ ಸವರಿದೆ. ಒಳ್ಳೆಯ ಕೆಲಸ ಮಾಡಿದೆನೆಂದು ನಿದ್ದೆಯೂ ಚೆನ್ನಾಗಿ ಬಂತು.

ಬೆಳಗ್ಗೆ ನೋಡಿದರೆ ಮುಖ ಊದಿ ಗುರುತು ಸಿಗದಂತಾಗಿತ್ತು. ಮುಂಗಾಲಿನ ಪಂಜಗಳೂ ದಪ್ಪ. ಬಾಯಿಂದ ಜೊಲ್ಲು, ಏದುಸಿರು. ಕಾರಿನಲ್ಲಿ ಒಂದು ಗಂಟೆಯ ದಾರಿ ಹೋಗಿ ಪಶುವೈದ್ಯರ ಮುಂದೆ ಇಳಿಸಿದೆವು.

ಎಲ್ಲಕ್ಕಿಂತ ನಾಚಿಕೆಯ ಭಾಗ ಇದು. "ಮನೆಯಲ್ಲಿ ಏನಾದರೂ ಔಷಧಿ ಕೊಟ್ಟಿದ್ದೀರಾ?" ಎಂದು ಡಾಕ್ಟರು ಕೇಳಿದರು. ನಾನು "ಇಲ್ಲ" ಎಂದೆ. ಬೈಯುತ್ತಾರೆಂಬ ಹೆದರಿಕೆ. ಅವರು ಹಾವು, ಚೇಳು, ಇಲಿ ಪಾಷಾಣ ಎಂದು ಒಂದೊಂದಾಗಿ ಕೇಳುತ್ತ ಹೋದರು. ಕೊನೆಗೆ ಪರೀಕ್ಷೆಗೆಂದು ರಕ್ತ ತೆಗೆದರು. ಸಿರಿಂಜಿಗೆ ಬಂದ ರಕ್ತ ಕೆಂಪಾಗಿರಲಿಲ್ಲ, ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕಿತ್ತು. ಡಾಕ್ಟರು ನನ್ನ ಮುಖ ನೋಡಿ, "ಪ್ಯಾರಾಸಿಟಮಾಲ್ ಎಷ್ಟು ಕೊಟ್ಟಿರಿ?" ಎಂದರು.

ನಮ್ಮ ಯಕೃತ್ತು ಈ ಔಷಧಿಯ ಬಹುಪಾಲನ್ನು ಬೇರೆ ವಸ್ತುಗಳಿಗೆ ಕಟ್ಟಿ ಮೂತ್ರದಲ್ಲಿ ಸಾಗಹಾಕುತ್ತದೆ. ಹಾಗೆ ಕಟ್ಟಲು ಬೇಕಾದ ಒಂದು ಮುಖ್ಯ ಕಿಣ್ವ ಬೆಕ್ಕಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹೊರಹೋಗದೆ ಉಳಿದದ್ದು ವಿಷವಾಗಿ ಮಾರ್ಪಟ್ಟು ರಕ್ತದ ಹಿಮೋಗ್ಲೋಬಿನ್ನನ್ನೇ ಕೆಡಿಸುತ್ತದೆ. ರಕ್ತ ಹರಿಯುತ್ತಿರುತ್ತದೆ, ಆದರೆ ಆಮ್ಲಜನಕ ಹೊರುವುದಿಲ್ಲ. ಒಸಡು ನೀಲಿಗೋ ಕಂದಿಗೋ ತಿರುಗುವುದು ಅದಕ್ಕೇ. ನಾನು ಕೊಟ್ಟದ್ದು ಸುಮಾರು 160 ಮಿಲಿಗ್ರಾಂ. ತೂಕದ ಲೆಕ್ಕ ಹಾಕಿದರೆ ಅರವತ್ತು ಕಿಲೋ ಮನುಷ್ಯ ಒಂದೇ ಸಲಕ್ಕೆ ನಾಲ್ಕು ಮಾತ್ರೆ ನುಂಗಿದಂತೆ.

ಇದಕ್ಕೆ ಪ್ರತ್ಯೌಷಧ ಇದೆ, ಅಸಿಟೈಲ್‌ಸಿಸ್ಟೀನ್. ಮನುಷ್ಯರಿಗೆ ಕಫ ಕರಗಿಸಲು ಕೊಡುವಂಥದ್ದೇ. ಬೇಗ ಕೊಟ್ಟಷ್ಟೂ ಬದುಕುವ ಸಾಧ್ಯತೆ ಹೆಚ್ಚು. ರಾತ್ರಿಯ ನಿದ್ದೆಯಲ್ಲಿ ಒಂದಿಷ್ಟು ಹೊತ್ತು ಕಳೆದಿತ್ತು, ನನ್ನ ಸುಳ್ಳಿನಲ್ಲಿ ಇನ್ನಷ್ಟು. ಡಾಕ್ಟರು ಆಮ್ಲಜನಕ, ಡ್ರಿಪ್, ಇಂಜೆಕ್ಷನ್ ಎಲ್ಲವನ್ನೂ ಮಾಡಿದರು. ಮರುದಿನ ಸಂಜೆ ಬೆಳ್ಳಿ ಸತ್ತಿತು. ಅಷ್ಟಕ್ಕೂ ಅದು ಅನ್ನ ಬಿಟ್ಟದ್ದಕ್ಕೆ ಕಾರಣ ಒಂದು ಮುರಿದ ಹಲ್ಲು, ಸುತ್ತ ಊದಿದ ಒಸಡು. ನಾನು ಬಾಯಿ ಬಿಡಿಸಿ ನೋಡಿಯೇ ಇರಲಿಲ್ಲ.

ನಾಯಿ ಇರುವವರೂ ನಿರಾಳವಾಗಬೇಡಿ. ನಾಯಿಗೆ ಪ್ಯಾರಾಸಿಟಮಾಲ್ ಬೆಕ್ಕಿನಷ್ಟು ಬೇಗ ವಿಷವಾಗದಿದ್ದರೂ ಪ್ರಮಾಣ ಮೀರಿದರೆ ಯಕೃತ್ತು ಕೆಡುತ್ತದೆ. ಮೈಕೈ ನೋವಿಗೆ ನಾವು ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಅದರ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡಕ್ಕೂ ಹಾನಿ. ಮನೆಯಲ್ಲಿ ಎರಡೂ ಇದ್ದರೆ ಇನ್ನೊಂದು ಮಾತು: ಪರ್ಮೆಥ್ರಿನ್ ಇರುವ, ನಾಯಿಯ ಉಣ್ಣೆಹುಳಕ್ಕೆ ಹಚ್ಚುವ ಔಷಧಿಯನ್ನು ಬೆಕ್ಕಿನ ಮೈಗೆ ಸೋಕಿಸಬೇಡಿ, ನಡುಕ ಬಂದು ಪ್ರಾಣಕ್ಕೇ ಕುತ್ತು.

ಈಗಾಗಲೇ ಮಾತ್ರೆ ಕೊಟ್ಟುಬಿಟ್ಟಿದ್ದರೆ ಲಕ್ಷಣ ಕಾಣಲಿ ಎಂದು ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ದಾರಿಯಿಂದಲೇ ಡಾಕ್ಟರಿಗೆ ಫೋನ್ ಮಾಡಿ ಪ್ರತ್ಯೌಷಧ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಅವರು ಹೇಳಿದ್ದನ್ನು ಮನುಷ್ಯರ ಮೆಡಿಕಲ್ ಅಂಗಡಿಯಿಂದಲೇ ಕೊಂಡೊಯ್ಯಬಹುದು. ಮಾತ್ರೆಯ ಸ್ಟ್ರಿಪ್ ಕೈಯಲ್ಲಿರಲಿ. ಎಷ್ಟು, ಎಷ್ಟು ಗಂಟೆಗೆ ಕೊಟ್ಟಿರಿ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿಬಿಡಿ. ಬೈದರೆ ಬೈಯಲಿ.