ಸಿಸ್ಟರ್‌ಗಳಿಗೆ ಐದು ಸ್ಟಾರ್, ಬಿಲ್ಲಿಂಗ್ ಕೌಂಟರ್‌ಗೆ ಒಂದೇ

ಅಮ್ಮನಿಗೆ ಸೊಂಟದ ಮೂಳೆ ಆಪರೇಷನ್ ಆಗಿದ್ದು ದಾವಣಗೆರೆಯಲ್ಲೇ. ಆಸ್ಪತ್ರೆ ಹೆಸರು ಬೇಡ, ಬೈಯೋದೂ ಇದೆ. ಡಿಸ್ಚಾರ್ಜ್ ಅಂತ ಬೆಳಿಗ್ಗೆ ಹೇಳಿ ಬಿಲ್ ಕೊಟ್ಟಿದ್ದು ಸಂಜೆ, ಕೇಳಿದರೆ ಸಿಸ್ಟಮ್ ಸ್ಲೋ ಅಂತೆ.

ಆದರೆ ವಾರ್ಡಿನ ಸಿಸ್ಟರ್‌ಗಳ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ರಾತ್ರಿಯೆಲ್ಲಾ ಎರಡು ಗಂಟೆಗೊಮ್ಮೆ ಬಂದು, ಕಾಲುಗಳ ನಡುವೆ ದಿಂಬು ಇಟ್ಟು, "ಅಜ್ಜಿ, ಸ್ವಲ್ಪ ಈ ಕಡೆ" ಅಂತ ಮಗ್ಗುಲು ಹೊರಳಿಸಿ, ಬೆನ್ನು ಎಲ್ಲಾದರೂ ಕೆಂಪಾಗಿದೆಯಾ ಅಂತ ಟಾರ್ಚ್ ಹಿಡಿದು ನೋಡುತ್ತಿದ್ದರು. ಒಂದೇ ಕಡೆ ಮಲಗಿದರೆ ಹುಣ್ಣಾಗುತ್ತೆ, ವಾಸಿಯಾಗೋದು ಕಷ್ಟ. ನಿದ್ದೆ ಕೆಟ್ಟು ಅಮ್ಮ ಬೈದರೂ ನಗುತ್ತಿದ್ದರು.

ಅವರಲ್ಲಿ ಹಿರಿಯರೊಬ್ಬರು ಮೊದಲು ಸೇನೆಯಲ್ಲಿದ್ದವರು. 2015ರ ಏಪ್ರಿಲ್‌ನಲ್ಲಿ ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪ ಆಯ್ತಲ್ವಾ, ಆಗ ಅಲ್ಲಿಗೆ ಹೋಗಿದ್ದರಂತೆ. ಗೋಡೆಯಡಿ ಗಂಟೆಗಟ್ಟಲೆ ಸಿಕ್ಕಿಕೊಂಡವರನ್ನು ಹೊರಗೆ ತೆಗೆದ ಮೇಲೆ ಕಿಡ್ನಿ ಕೈಕೊಡಬಹುದು, ಅದಕ್ಕೆ ಮೂತ್ರ ಎಷ್ಟು, ಯಾವ ಬಣ್ಣ ಅಂತ ನೋಡ್ತಾನೇ ಇರಬೇಕು ಅಂದರು. ಹಾಗೆ ಹೇಳುತ್ತಲೇ ಬಗ್ಗಿ ಅಮ್ಮನ ಯೂರಿನ್ ಬ್ಯಾಗ್ ನೋಡಿ ಚಾರ್ಟಲ್ಲಿ ಬರೆದುಕೊಂಡರು.

ಇಂಥವರು ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಇಬ್ಬರೇ! ಮ್ಯಾನೇಜ್‌ಮೆಂಟ್‌ನವರು ರಿಸೆಪ್ಷನ್ ಸೋಫಾ ಬದಲಾಯಿಸೋದು ಬಿಟ್ಟು ಇನ್ನಿಬ್ಬರನ್ನು ಹಾಕಲಿ.

ಕ್ಯಾಂಟೀನ್ ಕಾಫಿ ಸುಮಾರು. ಬೆಣ್ಣೆ ದೋಸೆ ಬೇಕಂದ್ರೆ ಹೊರಗೇ ಹೋಗಿ.