ಐನೂರರ ನೋಟಿನ ವಿಮರ್ಶೆ: ಮುಖ, ಕಾಗದ ಮತ್ತು ಮಲೆನಾಡಿನ ಮಳೆ

ನೋಟಿನ ಮೇಲೆ ಯಾರ ಚಿತ್ರ ಇರಬೇಕು ಎಂಬ ಚರ್ಚೆ ಶಿವಮೊಗ್ಗದ ಅಡಿಕೆ ಮಂಡಿಗಳಲ್ಲಿ ಆಗಾಗ ಏಳುತ್ತದೆ. ಒಬ್ಬರಿಗೆ ಕುವೆಂಪು ಬೇಕು, ಇನ್ನೊಬ್ಬರಿಗೆ ಕೆಳದಿ ಚೆನ್ನಮ್ಮ. 2022ರ ಅಕ್ಟೋಬರಿನಲ್ಲಿ ಅರವಿಂದ ಕೇಜ್ರಿವಾಲ್ ಲಕ್ಷ್ಮಿ, ಗಣೇಶರ ಚಿತ್ರ ಹಾಕಿ ಎಂದ ಮೇಲೆ ದೇವರೂ ಪಟ್ಟಿಗೆ ಸೇರಿದ್ದಾರೆ. ಎಲ್ಲರ ಮಾತೂ ಗೌರವದ ಲೆಕ್ಕದ್ದು. ಗಲ್ಲಾದಲ್ಲಿ ಕೂತು ಹಣ ಎಣಿಸುವವರಿಗೆ ಮಾತ್ರ ಆ ಮುಖ ಮೊದಲು ಖೋಟಾ ನೋಟನ್ನು ತಡೆಯುವ ಒಂದು ಬೀಗ. ಬೀಗ ಗಟ್ಟಿಯಿದೆಯೇ ಎಂದು ನೋಡದೆ ಅದರ ಮೇಲೆ ಯಾರ ಹೆಸರು ಕೆತ್ತೋಣ ಎಂದು ಕೇಳಿ ಪ್ರಯೋಜನವಿಲ್ಲ. 2023ರ ಮೇ ತಿಂಗಳಲ್ಲಿ ಎರಡು ಸಾವಿರದ ನೋಟನ್ನು ವಾಪಸು ಪಡೆಯಲು ಶುರುವಾದ ಮೇಲೆ ನಗದು ವ್ಯವಹಾರದ ಭಾರವೆಲ್ಲ ಐನೂರರ ಮೇಲಿದೆ. ಆದ್ದರಿಂದ ಈ ವಿಮರ್ಶೆ ಅದರದ್ದೇ.

ಗಾತ್ರ 66 ಮಿಲಿಮೀಟರ್ ಅಗಲ, 150 ಮಿಲಿಮೀಟರ್ ಉದ್ದ. ಕಲ್ಲಿನ ಬೂದು ಬಣ್ಣ. ಮುಂದೆ ನಡುವಿನಲ್ಲಿ ಗಾಂಧೀಜಿ, ಹಿಂದೆ ಕೆಂಪುಕೋಟೆ. ಕಾಗದ ಮರದ ತಿರುಳಿನದ್ದಲ್ಲ, ಹತ್ತಿಯದ್ದು. ಬೆರಳಲ್ಲಿ ಬಗ್ಗಿಸಿದರೆ ಬರುವ ಚರಚರ ಸದ್ದು ಅದರಿಂದಲೇ.

ಮುಖದ ಕೆಲಸ ಎರಡು ಕಡೆ ನಡೆಯುತ್ತದೆ. ಹೆಬ್ಬೆರಳ ಉಗುರನ್ನು ನಡುವಿನ ಚಿತ್ರದ ಮೇಲೆ ಮೆಲ್ಲಗೆ ಎಳೆಯಿರಿ. ಗರಿಗರಿ ನೋಟಾದರೆ ತರಿತರಿಯಾಗಿ ತಾಗುತ್ತದೆ. ಲೋಹದ ತಗಡಿನಲ್ಲಿ ಕೊರೆದ ಗೆರೆಗಳಿಗೆ ಶಾಯಿ ತುಂಬಿ, ಭಾರೀ ಒತ್ತಡದಲ್ಲಿ ಕಾಗದದ ಮೇಲೆ ಒತ್ತುವ ಇಂಟಾಗ್ಲಿಯೋ ಮುದ್ರಣದ ಗುಣ ಅದು. ಕಲರ್ ಪ್ರಿಂಟರಿನ ನಕಲು ಕಣ್ಣಿಗೆ ಎಷ್ಟೇ ಹೊಂದಿದರೂ ಉಗುರಿಗೆ ನುಣ್ಣಗೆ ಸಿಗುತ್ತದೆ. (ಹತ್ತು, ಇಪ್ಪತ್ತು, ಐವತ್ತರ ಹೊಸ ನೋಟಿನಲ್ಲಿ ಈ ಉಬ್ಬನ್ನು ಹುಡುಕಬೇಡಿ. ನೂರರಿಂದ ಮೇಲಕ್ಕೆ ಮಾತ್ರ ಇದೆ.)

ಎರಡನೆಯ ಮುಖ ಬಲಗಡೆ ಖಾಲಿ ಜಾಗದಲ್ಲಿ ಅಡಗಿರುವ ವಾಟರ್‌ಮಾರ್ಕ್. ಇದನ್ನು ಮುದ್ರಿಸುವುದಲ್ಲ, ಕಾಗದ ಇನ್ನೂ ಹಸಿಯಿರುವಾಗಲೇ ಅದರ ದಪ್ಪವನ್ನು ಹೆಚ್ಚು ಕಡಿಮೆ ಮಾಡಿ ಮೂಡಿಸುತ್ತಾರೆ. ದಪ್ಪವಿರುವಲ್ಲಿ ನೆರಳು, ತೆಳುವಿರುವಲ್ಲಿ ಬೆಳಕು. ಹಾಗಾಗಿ ಅಸಲಿ ನೋಟಿನಲ್ಲಿ ಕೆನ್ನೆಯ ನೆರಳು ನಿಧಾನವಾಗಿ ಕರಗುತ್ತಾ ಹೋಗುತ್ತದೆ, ಪಕ್ಕದಲ್ಲಿ 500 ಎಂಬ ಅಂಕಿ ಮಾತ್ರ ಪಳಕ್ಕನೆ ಬೆಳ್ಳಗೆ ಕಾಣುತ್ತದೆ. ಖೋಟಾ ನೋಟಿನಲ್ಲಿ ಇದನ್ನು ತೆಳು ಶಾಯಿಯಲ್ಲೋ ಜಿಡ್ಡಿನಲ್ಲೋ ಅಚ್ಚು ಹಾಕಿರುತ್ತಾರೆ. ಬೆಳಕಿಗೆ ಹಿಡಿಯದೆ ಮೇಜಿನ ಮೇಲೆ ಇಟ್ಟಾಗಲೇ ಮುಖ ಕಂಡರೆ, ನೆರಳಿಗೆ ಒಂದೇ ಬಣ್ಣವಿದ್ದರೆ, ಆ ನೋಟು ಬೇಡ. ಆಮೇಲೆ ಸ್ವಲ್ಪ ಓರೆ ಮಾಡಿ ನೋಡಿ: ನೋಟಿನಲ್ಲಿ ಮೇಲಿಂದ ಕೆಳಗೆ ಹಾಯುವ ಭದ್ರತಾ ಎಳೆಯೂ ಕೆಳಗಿನ ₹500 ಎಂಬ ಅಂಕಿಯೂ ಹಸಿರಿನಿಂದ ನೀಲಿಗೆ ತಿರುಗಬೇಕು.

ಮನುಷ್ಯರ ಮುಖವೇ ಏಕೆ? ಕೋಟೆಯ ಬುರುಜೊಂದು ಕೂದಲೆಳೆಯಷ್ಟು ಆಚೀಚೆಯಾದರೆ ಯಾರಿಗೂ ಗೊತ್ತಾಗದು. ಪರಿಚಯದ ಮುಖದಲ್ಲಿ ಕಣ್ಣೋ ತುಟಿಯೋ ಅಷ್ಟು ಜರುಗಿದರೂ ಏನೋ ಸರಿಯಿಲ್ಲ ಎಂದು ಮನಸ್ಸಿಗೆ ತಕ್ಷಣ ತಟ್ಟುತ್ತದೆ. ಗಾಂಧೀಜಿಯ ಮುಖದಲ್ಲಿ ಸುಕ್ಕು, ಕನ್ನಡಕ, ಮೀಸೆ, ಅಗಲ ಕಿವಿ ಎಲ್ಲವೂ ಇರುವುದರಿಂದ ಕೆತ್ತುವವರಿಗೆ ಗೆರೆಗಳ ಕೊರತೆಯಿಲ್ಲ. ಈ ಚಿತ್ರ ಕಲಾವಿದರ ಕಲ್ಪನೆಯೂ ಅಲ್ಲ. 1946ರಲ್ಲಿ, ಈಗಿನ ರಾಷ್ಟ್ರಪತಿ ಭವನದಲ್ಲಿ, ಬ್ರಿಟಿಷ್ ಮಂತ್ರಿ ಪೆಥಿಕ್-ಲಾರೆನ್ಸ್ ಜೊತೆಗಿದ್ದಾಗ ತೆಗೆದ ಫೋಟೊದಿಂದ ಬಂದದ್ದು.

ಗಾಂಧೀಜಿ ಮೊದಲ ದಿನದಿಂದ ಅಲ್ಲಿ ಇರಲಿಲ್ಲ. 1938ರಲ್ಲಿ ರಿಸರ್ವ್ ಬ್ಯಾಂಕಿನ ಮೊದಲ ನೋಟುಗಳು ಬಂದಾಗ ಇದ್ದದ್ದು ಆರನೇ ಜಾರ್ಜ್. ಸ್ವಾತಂತ್ರ್ಯದ ನಂತರ ಗಾಂಧೀಜಿಯ ಚಿತ್ರವಿರುವ ವಿನ್ಯಾಸಗಳೇ ಸಿದ್ಧವಾಗಿದ್ದವು. ಕೊನೆಗೆ ಒಮ್ಮತ ಬಂದದ್ದು ಸಾರನಾಥದ ಸಿಂಹಗಳ ಮೇಲೆ. 1949ರ ಒಂದು ರೂಪಾಯಿ ನೋಟಿನಲ್ಲಿ ಅವೇ ಬಂದವು. 1969ರಲ್ಲಿ ಜನ್ಮಶತಮಾನೋತ್ಸವಕ್ಕೆ ಸೇವಾಗ್ರಾಮದ ಹಿನ್ನೆಲೆಯಲ್ಲಿ ಕೂತ ಗಾಂಧಿ, 1987ರಲ್ಲಿ ಐನೂರರ ಮೇಲೆ, 1996ರಿಂದ ಇಡೀ ಸರಣಿಯಲ್ಲಿ. ಹಾಗಾಗಿ ಚರ್ಚೆ ಮಾಡುವುದರಲ್ಲಿ ಅಗೌರವವೇನೂ ಇಲ್ಲ. ದೇಶ ಶುರುವಾದಾಗಲೇ ದೊಡ್ಡವರು ಕೂತು ಮಾಡಿದ ಚರ್ಚೆ ಇದು. ರಿಸರ್ವ್ ಬ್ಯಾಂಕ್ ಕಾಯ್ದೆಯ 25ನೇ ಕಲಂ ಪ್ರಕಾರ ನೋಟಿನ ವಿನ್ಯಾಸವನ್ನು ಬ್ಯಾಂಕಿನ ಕೇಂದ್ರ ಮಂಡಳಿ ಶಿಫಾರಸು ಮಾಡುತ್ತದೆ, ಕೇಂದ್ರ ಸರ್ಕಾರ ಒಪ್ಪಿಗೆ ಕೊಡುತ್ತದೆ. ಟ್ಯಾಗೋರ್, ಕಲಾಂ ಚಿತ್ರಗಳು ಬರುತ್ತವೆ ಎಂಬ ಸುದ್ದಿ 2022ರ ಜೂನ್‌ನಲ್ಲಿ ಹಬ್ಬಿದಾಗ, ಅಂಥ ಪ್ರಸ್ತಾವವೇ ಇಲ್ಲ ಎಂದು ಬ್ಯಾಂಕು ಹೇಳಿತು.

ದೇವರ ಚಿತ್ರ ಕೇಳುವವರು ನಮ್ಮ ನೆಲದ ಇಕ್ಕೇರಿ ವರಹವನ್ನು ನೆನಪಿಸುತ್ತಾರೆ. ನ್ಯಾಯವಾದ ಮಾತು. ಕೆಳದಿ ಅರಸರ ಆ ಚಿನ್ನದ ನಾಣ್ಯದಲ್ಲಿ ಒಂದು ಕಡೆ ಶಿವ ಪಾರ್ವತಿ, ಇನ್ನೊಂದು ಕಡೆ ನಾಗರಿ ಲಿಪಿಯಲ್ಲಿ ಶ್ರೀ ಸದಾಶಿವ. 1763ರಲ್ಲಿ ಕೆಳದಿಯ ರಾಜಧಾನಿ ಬಿದನೂರು ಗೆದ್ದ ಹೈದರಾಲಿ ಕೂಡ ಶಿವ ಪಾರ್ವತಿಯರನ್ನು ತೆಗೆಯಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಪಾರಸಿ ಮೊದಲಕ್ಷರ ಹಾಕಿಕೊಂಡು ಅದೇ ಅಚ್ಚು ಮುಂದುವರಿಸಿದ. ಜನ ನಂಬಿದ ಚಿತ್ರವನ್ನು ಕೆಡಿಸಿದರೆ ಪೇಟೆ ಕೆಡುತ್ತದೆ ಎಂಬುದು ಅವನಿಗೆ ಗೊತ್ತಿದ್ದಿರಬೇಕು. ಆದರೆ ವರಹವನ್ನು ಅಕ್ಕಸಾಲಿಗ ತಕ್ಕಡಿಯಲ್ಲಿ ತೂಗಿ ಒರೆಗೆ ಹಚ್ಚುತ್ತಿದ್ದ. ಮೂರೂವರೆ ಗ್ರಾಮಿನ ಆಸುಪಾಸಿನ ಆ ಚಿನ್ನವೇ ಸಾಕ್ಷಿ, ಮೂರ್ತಿ ಎಷ್ಟು ಚಿಕ್ಕದಿದ್ದರೂ ನಡೆಯುತ್ತಿತ್ತು. ಕಾಗದಕ್ಕೆ ಆ ತೂಕವಿಲ್ಲ. ಪೂರ್ಣ ಮೂರ್ತಿಯನ್ನು ನೋಟಿನಲ್ಲಿ ಕೂರಿಸಿದರೆ ಮುಖ ಬೆರಳ ತುದಿಯಷ್ಟಾಗುತ್ತದೆ, ವಾಟರ್‌ಮಾರ್ಕಿನಲ್ಲಿ ನೆರಳು ಮೂಡಿಸಲು ಜಾಗವೇ ಉಳಿಯದು. ಕೆಳದಿ ಚೆನ್ನಮ್ಮನ ಮುಖ ನಮಗೆ ಕಲಾವಿದರ ಕಲ್ಪನೆಯಿಂದಷ್ಟೇ ಗೊತ್ತು, ಒಬ್ಬೊಬ್ಬರದ್ದು ಒಂದೊಂದು. ಕುವೆಂಪು ಮಾತ್ರ ಈ ಪರೀಕ್ಷೆಯಲ್ಲಿ ಗೆಲ್ಲುತ್ತಾರೆ: ಫೋಟೊಗಳಿವೆ, ಅಗಲ ಹಣೆ, ಚೂಪು ಮೂಗು, ಆಳದ ಕಣ್ಣು. ಆದರೂ ದೇಶದ ಎಲ್ಲ ಊರಿನ ಗಲ್ಲಾದಲ್ಲೂ ಥಟ್ಟನೆ ಗುರುತು ಸಿಗುವ ಮುಖ ಇವತ್ತಿಗೆ ಗಾಂಧೀಜಿಯದ್ದೊಂದೇ.

ಇನ್ನು ದೂರುಗಳು. ನೂರರದ್ದು 142, ಇನ್ನೂರರದ್ದು 146, ಐನೂರರದ್ದು 150 ಮಿಲಿಮೀಟರ್ ಉದ್ದ, ಅಗಲ ಮೂರಕ್ಕೂ ಒಂದೇ. ಹಳೆಯ ಸರಣಿಯಲ್ಲಿ ನೂರಕ್ಕೂ ಐನೂರಕ್ಕೂ 10 ಮಿಲಿಮೀಟರ್ ಅಂತರವಿತ್ತು. ಈಗ ಒಂದರಿಂದ ಮುಂದಿನದಕ್ಕೆ ಇರುವ 4 ಮಿಲಿಮೀಟರ್ ಕಣ್ಣು ಕಾಣದವರ ಬೆರಳಿಗೆ ಸಾಲದು. ಅವರಿಗೆಂದೇ ಐನೂರರಲ್ಲಿ ಒಂದು ವೃತ್ತ, ಅಂಚಿನಲ್ಲಿ ಐದು ಓರೆ ಗೆರೆ ಉಬ್ಬಿಸಿದ್ದಾರೆ. ನಾಲ್ಕಾರು ಸಂತೆ ಸುತ್ತಿದ ಮೇಲೆ ಆ ಉಬ್ಬು ಸವೆದು ಹೋಗುತ್ತದೆ. ಇದು ಯಾರ ಚಿತ್ರ ಎಂಬುದಕ್ಕಿಂತ ಮೊದಲು ಸರಿಯಾಗಬೇಕಾದ ವಿಷಯ. ಮಳೆಗಾಲದ ಮಬ್ಬಿನಲ್ಲಿ ಇನ್ನೂರರ ಹಳದಿಯೂ ಇಪ್ಪತ್ತರ ಹಸಿರು ಹಳದಿಯೂ ಅದಲು ಬದಲಾಗುತ್ತವೆ. ಚಿಲ್ಲರೆ ಕೊಡುವಾಗ ಅಂಕಿಯನ್ನೇ ಓದಿ.

ಆಗುಂಬೆ, ಹೊಸನಗರದ ಕಡೆ ನೋಟು ಕೆಡುವುದು ತೇವದಿಂದ. ಮೆತ್ತಗಾದ ನೋಟು ಎಣಿಸುವ ಯಂತ್ರದಲ್ಲಿ ಜೋಡಿಯಾಗಿ ಎಳೆದುಕೊಂಡು ಲೆಕ್ಕ ತಪ್ಪುತ್ತದೆ. ಒಂದೊಂದಾಗಿ ಬಿಡಿಸಿ ಹತ್ತಿಬಟ್ಟೆಯ ಮೇಲೆ ನೆರಳಲ್ಲಿ ಹರವಿ. ಒಲೆಯ ಮೇಲೆ, ಇಸ್ತ್ರಿಪೆಟ್ಟಿಗೆಯ ಕೆಳಗೆ ಇಡಬೇಡಿ, ಪ್ಲಾಸ್ಟಿಕ್ಕಿನ ಭದ್ರತಾ ಎಳೆ ಬಿಸಿಗೆ ಸುರುಟುತ್ತದೆ. ಜೇಬಿನಲ್ಲೇ ಉಳಿದು ಸೋಪಿನ ಪುಡಿಯಲ್ಲಿ ಒಗೆದ ನೋಟಿಗೆ ಇನ್ನೊಂದು ತೊಂದರೆ: ಪುಡಿಯಲ್ಲಿರುವ ಹೊಳಪಿನ ರಾಸಾಯನಿಕ ಹತ್ತಿಗೆ ಅಂಟಿ, ಯುವಿ (ಅತಿನೇರಳೆ) ದೀಪದಡಿ ನೋಟು ಪೂರ್ತಿ ಮಿನುಗಿ, ಅಸಲಿಯಾದರೂ ಯಂತ್ರ ಅನುಮಾನ ಪಡುತ್ತದೆ. ಅಡಿಕೆ ಸುಗ್ಗಿಯಲ್ಲಿ ಚೊಗರಿನ (ಅಡಿಕೆ ಬೇಯಿಸಿದ ರಸದ) ಕೈಯಲ್ಲಿ ನೋಟು ಮುಟ್ಟಿದರೆ ಕಲೆ ವಾಟರ್‌ಮಾರ್ಕಿನ ಕಿಟಕಿಯನ್ನೇ ಮುಚ್ಚುತ್ತದೆ. ಮುಖ ಕಾಣದ ನೋಟನ್ನು ಯಾರೂ ಸುಲಭಕ್ಕೆ ಮುಟ್ಟುವುದಿಲ್ಲ.

ಹರಿದದ್ದನ್ನು ಎಸೆಯಬೇಡಿ, ಬ್ಯಾಂಕಿಗೆ ಒಯ್ಯಿರಿ. ಐನೂರರ ನೋಟಿನ ಒಟ್ಟು ವಿಸ್ತೀರ್ಣ 99 ಚದರ ಸೆಂಟಿಮೀಟರ್. ಒಂದೇ ತುಂಡಿನಲ್ಲಿ 80 ಚದರ ಸೆಂಟಿಮೀಟರ್ ಅಥವಾ ಹೆಚ್ಚು ಉಳಿದಿದ್ದರೆ ಪೂರ್ತಿ ಹಣ, 40ರಿಂದ 80ರೊಳಗೆ ಇದ್ದರೆ ಅರ್ಧ, ಅದಕ್ಕೂ ಕಡಿಮೆಯಾದರೆ ಏನೂ ಇಲ್ಲ. ಆ ಬ್ಯಾಂಕಿನಲ್ಲಿ ನಿಮ್ಮ ಖಾತೆ ಇರಲೇಬೇಕೆಂದಿಲ್ಲ.

ಮುಂದಿನ ಸರಣಿ ಬಂದರೆ ನಮ್ಮ ಬೇಡಿಕೆ ಇಷ್ಟು: ಮುಂಬದಿಯ ಮುಖ ಹಾಗೇ ಇರಲಿ, ನೋಟಿನಿಂದ ನೋಟಿಗೆ ಉದ್ದ 10 ಮಿಲಿಮೀಟರ್ ಬದಲಾಗಲಿ. ಹಿಂಬದಿಯಲ್ಲಿ ಈಗಾಗಲೇ ಐವತ್ತರ ಮೇಲೆ ಹಂಪಿಯ ಕಲ್ಲಿನ ರಥ ಇದೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೂ ಅಲ್ಲೊಂದು ಜಾಗ ಸಿಗಲಿ.