ಟ್ರೇಯಲ್ಲಿ ಕಾಗದ ಬಿಡದ ಪ್ರಿಂಟರ್: ಆಡಿಟರ್ ಆಫೀಸಿನಲ್ಲಿ ಐದು ತಿಂಗಳು

ಈ ಫೆಬ್ರವರಿಯ ಒಂದು ಸಂಜೆ ಆಫೀಸಿಗೆ ಮಂಡಕ್ಕಿ, ಮಿರ್ಚಿ ತರಿಸಿದ್ದೆವು. ದಾವಣಗೆರೆಯಲ್ಲಿ ಅದು ದಿನದ ಮಾತು. ಮಿರ್ಚಿ ಕಟ್ಟಿದ್ದ ಕಾಗದ ಬಿಚ್ಚಿದೆ. ಎಣ್ಣೆ ಹೀರಿದ ಆ ಹಾಳೆಯ ಹಿಂಭಾಗದಲ್ಲಿ ನಮ್ಮದೇ ಒಬ್ಬ ಪಾರ್ಟಿಯ ಆದಾಯದ ಲೆಕ್ಕ ಇತ್ತು. ಹೆಸರು, ಪ್ಯಾನ್ ನಂಬರ್, ಬ್ಯಾಂಕ್ ಖಾತೆ, ಹೆಂಡತಿ ಹೆಸರಿನಲ್ಲಿಟ್ಟ ಠೇವಣಿ, ಎಲ್ಲಾ ಓದುವ ಹಾಗಿತ್ತು. ನನಗೆ ಅವತ್ತು ಮಿರ್ಚಿ ಗಂಟಲಲ್ಲಿ ಇಳಿಯಲಿಲ್ಲ.

ಆ ಹಾಳೆ ಅಲ್ಲಿಗೆ ಹೇಗೆ ಹೋಯಿತು ಅಂತ ಹುಡುಕುವುದು ಕಷ್ಟವಾಗಲಿಲ್ಲ. ಯಾರೋ ಎರಡು ಸಲ ಪ್ರಿಂಟ್ ಕೊಟ್ಟಿದ್ದರು. ಒಂದು ಪ್ರತಿ ತೆಗೆದುಕೊಂಡರು, ಇನ್ನೊಂದು ಟ್ರೇಯಲ್ಲೇ ಉಳಿಯಿತು. ಸಂಜೆ ಅದು ಒಂದು ಮಗ್ಗುಲು ಖಾಲಿ ಇರುವ ಹಾಳೆಗಳ ಕಟ್ಟಿಗೆ ಸೇರಿತು. ಅಲ್ಲಿಂದ ರದ್ದಿಗೆ, ರದ್ದಿಯಿಂದ ಮಿರ್ಚಿ ಅಂಗಡಿಗೆ. ಹದಿನಾಲ್ಕು ವರ್ಷದಿಂದ ಈ ಆಫೀಸಿನ ಕಾಗದಪತ್ರ ನೋಡಿಕೊಳ್ಳುವವಳು ನಾನು. ಅದು ನನ್ನ ಕೈಯಿಂದಲೇ ಹೋದ ಹಾಗೆ ಅನ್ನಿಸಿತು. ಮಾರನೇ ದಿನ ಆ ಪಾರ್ಟಿಗೆ ನಮ್ಮ ಆಡಿಟರ್ ಸರ್ ತಾವೇ ಫೋನ್ ಮಾಡಿ ವಿಷಯ ಹೇಳಿ ಕ್ಷಮೆ ಕೇಳಿದರು. ಆಮೇಲೆ ನನ್ನನ್ನು ಕರೆದು, "ಪ್ರಿಂಟರ್ ವಿಷಯ ಏನಾದ್ರೂ ಮಾಡಮ್ಮ, ಖರ್ಚು ನೋಡಬೇಡ" ಅಂದರು.

ಏಪ್ರಿಲ್‌ನಲ್ಲಿ ಹಾಕಿಸಿದ್ದು ಬಾಡಿಗೆ ಪ್ರಿಂಟರ್, ಜೊತೆಗೆ ಎಐ ಇರುವ ಒಂದು ಸೆಕ್ಯುರಿಟಿ ಸಾಫ್ಟ್‌ವೇರ್. ಡೀಲರ್ ಹುಬ್ಬಳ್ಳಿಯವರು. ಹೆಸರು ಬರೆಯುತ್ತಿಲ್ಲ. ಇಂಥದ್ದು ಈಗ ನಾಲ್ಕಾರು ಹೆಸರಲ್ಲಿ ಸಿಗುತ್ತದೆ, ಹೆಸರಿಗಿಂತ ಏನು ನೋಡಿ ತೆಗೆದುಕೊಳ್ಳಬೇಕು ಅನ್ನುವುದು ಮುಖ್ಯ. ಮಷೀನಿಗೆ ತಿಂಗಳಿಗೆ 4,500 ರೂಪಾಯಿ. ಸಾಫ್ಟ್‌ವೇರಿಗೆ ತಲೆಗೆ 220 ರೂಪಾಯಿ, ನಾವು ಹನ್ನೊಂದು ಜನ.

ಡೀಲರ್ ಕಡೆಯ ಹುಡುಗ ಬಂದ ಮೊದಲ ದಿನ ಸಾಫ್ಟ್‌ವೇರ್ ಹಾಕಲೇ ಇಲ್ಲ. "ಮೇಡಂ, ಐದು ನಿಮಿಷ" ಅಂತ ಕೆಳಗೆ ಇಳಿದು ಹೋದ. ನಮ್ಮ ಆಫೀಸ್ ಪಿ.ಜೆ. ಬಡಾವಣೆಯಲ್ಲಿ ಮೊದಲನೇ ಮಹಡಿ, ಕೆಳಗೆ ಬೇಕರಿ. ಸ್ವಲ್ಪ ಹೊತ್ತಿಗೆ ನಮ್ಮ ಹಳೇ ಪ್ರಿಂಟರ್ ತಾನಾಗಿಯೇ ಶುರುವಾಗಿ ಒಂದು ಹಾಳೆ ಹೊರಗೆ ಹಾಕಿತು. ಅದರಲ್ಲಿ "ನಾನು ಬೇಕರಿಯಲ್ಲಿ ಇದ್ದೀನಿ" ಅಂತ ಇತ್ತು. ಪ್ರಿಂಟರಿನ ವೈಫೈ ಡೈರೆಕ್ಟ್, ಅಂದರೆ ಆಫೀಸಿನ ನೆಟ್‌ವರ್ಕ್ ಇಲ್ಲದೆ ನೇರವಾಗಿ ಪ್ರಿಂಟರಿಗೆ ಸೇರುವ ದಾರಿ, ತೆರೆದೇ ಇತ್ತು. ಅಡ್ಮಿನ್ ಪಾಸ್‌ವರ್ಡ್ ಫ್ಯಾಕ್ಟರಿಯಿಂದ ಬಂದದ್ದೇ ಇತ್ತು, ಆರು ವರ್ಷದಿಂದ. 2020ರಲ್ಲಿ ಸೈಬರ್‌ನ್ಯೂಸ್ ಅನ್ನುವ ಸಂಸ್ಥೆಯವರು ಹೀಗೇ ಇಂಟರ್‌ನೆಟ್‌ಗೆ ತೆರೆದುಕೊಂಡಿದ್ದ ಸುಮಾರು 28,000 ಪ್ರಿಂಟರ್‌ಗಳಲ್ಲಿ ಎಚ್ಚರಿಕೆಯ ಹಾಳೆ ಪ್ರಿಂಟ್ ಮಾಡಿಸಿ ತೋರಿಸಿದ್ದರಂತೆ. ಓದಿದರೆ ಎಲ್ಲೋ ದೂರದ ಸುದ್ದಿ. ನಮ್ಮ ಟ್ರೇಯಲ್ಲೇ ಆ ಹಾಳೆ ಬಿದ್ದಾಗ ಎದೆ ಧಸಕ್ ಅಂತು. ಈ ಎರಡನ್ನೂ ಸರಿಪಡಿಸಲು ಯಾವ ಎಐ ಕೂಡ ಬೇಕಾಗಲಿಲ್ಲ, ಇಪ್ಪತ್ತು ನಿಮಿಷ ಸಾಕಾಯಿತು. ನಿಮ್ಮ ಆಫೀಸಿನಲ್ಲಿ ಇವತ್ತೇ ನೋಡಿ. ದುಡ್ಡು ಖರ್ಚು ಮಾಡುವ ಮೊದಲು ಇದನ್ನು ಮಾಡಿ.

ಎರಡನೇ ದಿನ ಕೂರಿಸಿದ್ದು ಪಿನ್ ವ್ಯವಸ್ಥೆ. ಇದರಲ್ಲೂ ಬುದ್ಧಿವಂತಿಕೆ ಏನಿಲ್ಲ. ಕಂಪ್ಯೂಟರ್‌ನಿಂದ ಪ್ರಿಂಟ್ ಕೊಟ್ಟರೆ ಕಾಗದ ಬರುವುದಿಲ್ಲ. ಮಷೀನ್ ಹತ್ತಿರ ಹೋಗಿ ನಮ್ಮ ನಂಬರ್ ಒತ್ತಿದರೆ ಮಾತ್ರ ಬರುತ್ತದೆ. ರಾತ್ರಿಯೊಳಗೆ ಒತ್ತದಿದ್ದರೆ ತಾನೇ ಅಳಿಸಿಹೋಗುತ್ತದೆ. ಮೊದಲ ವಾರ ಎಲ್ಲರೂ ಗೊಣಗಿದರು. ನಮ್ಮ ಅಟೆಂಡರ್ ವಯಸ್ಸಾದವರು, "ಅಕ್ಕ, ನಂಬರ್ ಮರೆತೋಗುತ್ತೆ" ಅಂದರು. ಅವರಿಗೆ ಕಾರ್ಡ್ ಮಾಡಿಸಿಕೊಟ್ಟೆವು, ತೋರಿಸಿದರೆ ಸಾಕು. ಈಗ ಸಂಜೆ ಬಾಗಿಲು ಹಾಕುವಾಗ ಟ್ರೇ ಖಾಲಿ ಇರುತ್ತದೆ. ಮೊದಲು ದಿನಕ್ಕೆ ಮೂವತ್ತು ನಲವತ್ತು ಹಾಳೆ ಬಿದ್ದಿರುತ್ತಿದ್ದವು. ರದ್ದಿ ಕೊಡುವುದನ್ನೂ ನಿಲ್ಲಿಸಿದ್ದೇವೆ, ಕಾಗದ ಚೂರು ಮಾಡುವ ಒಂದು ಶ್ರೆಡರ್ ತಂದಿದ್ದೇವೆ.

ಇನ್ನು ಎಐ ವಿಷಯ. ಪ್ರಿಂಟಿಗೆ ಕೊಟ್ಟ, ಸ್ಕ್ಯಾನ್ ಮಾಡಿದ ಪ್ರತಿ ಹಾಳೆಯನ್ನೂ ಅದು ಓದುತ್ತದೆ. ಇದು ಏನು ಕಾಗದ, ಯಾರದ್ದು, ಇದರಲ್ಲಿ ಗುಟ್ಟಾಗಿ ಇಡಬೇಕಾದದ್ದು ಏನಿದೆ ಅಂತ ನೋಡುತ್ತದೆ. ಅನುಮಾನ ಬಂದರೆ ತಡೆದು ಒಂದು ಪ್ರಶ್ನೆ ಕೇಳುತ್ತದೆ. ಅಷ್ಟೇ ಅದರ ಕೆಲಸ.

ನಾನೇ ಪರೀಕ್ಷೆ ಮಾಡಿದೆ. ಬಾಯಿಗೆ ಬಂದ 12 ಅಂಕಿ ಟೈಪ್ ಮಾಡಿ ಪ್ರಿಂಟ್ ಕೊಟ್ಟೆ. ಸುಮ್ನೆ ಬಿಟ್ಟಿತು. ನನ್ನ ಆಧಾರ್ ನಂಬರ್ ಟೈಪ್ ಮಾಡಿ ಕೊಟ್ಟೆ. ತಡೆಯಿತು. ಹೇಗೆ ಗೊತ್ತಾಯಿತು ಅಂತ ಕೇಳಿದ್ದಕ್ಕೆ ಡೀಲರ್ ಹುಡುಗ ವಿವರಿಸಿದ. ಆಧಾರ್‌ನ ಕೊನೇ ಅಂಕಿ ಹಿಂದಿನ ಹನ್ನೊಂದು ಅಂಕಿಗಳ ಮೇಲೆ ಲೆಕ್ಕ ಹಾಕಿ ಬರುವ ತಾಳೆ ಅಂಕಿಯಂತೆ. ತಾಳೆ ಆಗದಿದ್ದರೆ ಅದು ಆಧಾರ್ ಅಲ್ಲವೇ ಅಲ್ಲ. ಸಿಕ್ಕಿಬಿದ್ದ ಮೇಲೆ ಅದು ಕೊಡುವ ಸಲಹೆ ನನಗೆ ತುಂಬಾ ಇಷ್ಟವಾಯಿತು. ಮೊದಲ ಎಂಟು ಅಂಕಿ ಮುಚ್ಚಿ, ಕೊನೇ ನಾಲ್ಕು ಮಾತ್ರ ಕಾಣುವ ಹಾಗೆ ಪ್ರಿಂಟ್ ಮಾಡಲೇ ಅಂತ ಕೇಳುತ್ತದೆ. ಆಧಾರ್‌ನವರೇ ಕೊಡುವ ಮಾಸ್ಕ್ಡ್ ಆಧಾರ್ ಇರುವುದೂ ಹೀಗೇ. ನಮ್ಮ ಕೆಲಸಕ್ಕೆ ಬಹಳ ಕಡೆ ಅಷ್ಟು ಸಾಕು.

ಆದರೆ ಮೊದಲ ಎರಡು ವಾರ ತಲೆ ಕೆಟ್ಟುಹೋಯಿತು. ಜಿಎಸ್‌ಟಿ ಬಿಲ್ ಪ್ರತಿಯೊಂದನ್ನೂ ತಡೆಯುತ್ತಿತ್ತು. ಕಾರಣ ಇದೆ. ಜಿಎಸ್‌ಟಿ ನಂಬರಿನ 15 ಅಕ್ಷರಗಳಲ್ಲಿ ಮೊದಲೆರಡು ರಾಜ್ಯದ ಸಂಖ್ಯೆ, ನಮಗೆ 29. ಅದರ ಮುಂದಿನ ಹತ್ತು ಅಕ್ಷರ ಆ ವ್ಯಾಪಾರಿಯ ಪ್ಯಾನ್. ಅಂದರೆ ಪ್ರತಿ ಬಿಲ್ಲಿನಲ್ಲೂ ಒಂದು ಪ್ಯಾನ್ ಕೂತಿರುತ್ತದೆ. ಇಂಡಿಯಾದ ಆಫೀಸಿಗೆ ಅಂತ ಮಾರುವ ಸಾಫ್ಟ್‌ವೇರಿಗೆ ಇದು ಮೊದಲೇ ಗೊತ್ತಿರಬೇಕಿತ್ತು, ಅಲ್ವಾ? ಅದೇ ರೀತಿ 91 ಸೇರಿಸಿ ಬರೆದ ಮೊಬೈಲ್ ನಂಬರ್. ಅದಕ್ಕೂ 12 ಅಂಕಿ. ಹತ್ತರಲ್ಲಿ ಒಂದಕ್ಕೆ ತಾಳೆ ಅಂಕಿ ಆಕಸ್ಮಿಕವಾಗಿ ಕೂಡಿಬರುತ್ತದೆ, ಅದನ್ನು ಆಧಾರ್ ಅಂದುಕೊಳ್ಳುತ್ತದೆ. ನಾವು ಪ್ರತಿ ಸಲ "ಇದು ಬಿಲ್", "ಇದು ಫೋನ್" ಅಂತ ಒತ್ತುತ್ತಾ ಹೋದೆವು. ಮೇ ಮುಗಿಯುವ ಹೊತ್ತಿಗೆ ಅದು ಅಕ್ಕಪಕ್ಕದ ಪದ ನೋಡಿ ಗುರುತು ಹಿಡಿಯುವುದನ್ನು ಕಲಿಯಿತು. ಈಗ ದಿನಕ್ಕೆ ಎರಡು ಮೂರು ಸುಳ್ಳು ಎಚ್ಚರಿಕೆ ಬರುತ್ತವೆ, ತಡೆದುಕೊಳ್ಳಬಹುದು. ಹೊಸದಾಗಿ ಹಾಕಿಸುವವರು ಜುಲೈನಲ್ಲಿ ಮಾತ್ರ ಶುರು ಮಾಡಬೇಡಿ. ರಿಟರ್ನ್ಸ್ ತುಂಬುವ ಗಡಿಬಿಡಿಯಲ್ಲಿ ಅದಕ್ಕೆ ಪಾಠ ಹೇಳುತ್ತಾ ಕೂರಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಅದರ ಬೆಲೆ ನನಗೆ ಗೊತ್ತಾಗಿದ್ದು ಜೂನ್‌ನಲ್ಲಿ.

ನಮ್ಮಲ್ಲಿ ಒಂದೇ ಹೆಸರಿನ ಇಬ್ಬರು ಕ್ಲೈಂಟ್ ಇದ್ದಾರೆ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ಇಬ್ಬರಿಗೂ ಅಜ್ಜನ ಹೆಸರಿಟ್ಟಿದ್ದಾರೆ, ಮನೆಹೆಸರೂ ಒಂದೇ. ಆಸ್ತಿ ವಿಷಯಕ್ಕೆ ಇಬ್ಬರ ನಡುವೆ ಕೋರ್ಟಿನಲ್ಲಿ ಕೇಸ್ ನಡೆಯುತ್ತಿದೆ. ಒಬ್ಬರ ಬ್ಯಾಂಕ್ ಸ್ಟೇಟ್‌ಮೆಂಟ್, ಬಂಡವಾಳದ ಲೆಕ್ಕ ಸೇರಿ ಹದಿನೆಂಟು ಹಾಳೆ ಸ್ಕ್ಯಾನ್ ಮಾಡಿ ಮೇಲ್ ಕಳಿಸುತ್ತಿದ್ದೆ. ಮಷೀನಿನ ಪರದೆಯಲ್ಲಿ ಹೆಸರಿನ ಮೂರು ಅಕ್ಷರ ಒತ್ತಿದೆ, ಪೂರ್ತಿ ವಿಳಾಸ ತಾನೇ ಬಂತು, ಕಳಿಸು ಅಂತ ಒತ್ತಿದೆ. ಹೋಗಲಿಲ್ಲ. ಹಳದಿ ಪಟ್ಟಿಯಲ್ಲಿ ಒಂದು ಸಾಲು ಬಂತು: ಈ ಹಾಳೆಗಳಲ್ಲಿರುವ ಪ್ಯಾನ್ ಈ ಮೇಲ್ ವಿಳಾಸದವರದ್ದಲ್ಲ, ಆದರೂ ಕಳಿಸಬೇಕೇ?

ವಿಳಾಸ ಇನ್ನೊಮ್ಮೆ ಓದಿದೆ. ಅದು ಎದುರು ಪಾರ್ಟಿಯದ್ದು.

ನಾನು ಅಲ್ಲೇ ಸ್ಟೂಲ್ ಮೇಲೆ ಕೂತುಬಿಟ್ಟೆ. ಆ ಹದಿನೆಂಟು ಹಾಳೆ ಹೋಗಿದ್ದರೆ ಒಂದು ಮನೆತನದ ಗುಟ್ಟು ಕೋರ್ಟಿನಲ್ಲಿ ಅವರ ವಿರುದ್ಧವೇ ನಿಲ್ಲುತ್ತಿತ್ತು. ನಮ್ಮ ಸರ್ ಮೂವತ್ತು ವರ್ಷ ಕಟ್ಟಿದ ಹೆಸರು ಒಂದು ಬೆರಳಿನಲ್ಲಿ ಹೋಗುತ್ತಿತ್ತು. ಮನುಷ್ಯರು ಯಾರೂ ಆ ಕ್ಷಣದಲ್ಲಿ ನನ್ನನ್ನು ತಡೆಯುತ್ತಿರಲಿಲ್ಲ, ಯಾಕೆಂದರೆ ಯಾರೂ ನೋಡುತ್ತಿರಲಿಲ್ಲ. ನಮ್ಮ ಕ್ಲೈಂಟ್ ಪಟ್ಟಿಯನ್ನು ಪ್ಯಾನ್ ಸಮೇತ ಅದಕ್ಕೆ ಕೊಟ್ಟಿದ್ದಕ್ಕೆ ಇದು ಆಯಿತು. ನಿಮ್ಮ ಡೀಲರ್ ಈ ಪಟ್ಟಿ ಜೋಡಿಸುವುದಕ್ಕೆ ಎರಡು ದಿನ ಜಾಸ್ತಿ ಬೇಕು ಅಂದರೆ ಕೊಡಿ.

ಇನ್ನೊಂದು ಭಾಗ ಇದೆ. ಯಾರು ಯಾವಾಗ ಎಷ್ಟು ಪ್ರಿಂಟ್ ಮಾಡುತ್ತಾರೆ ಅನ್ನುವ ರೂಢಿಯನ್ನು ಅದು ಕಲಿತು, ರೂಢಿ ತಪ್ಪಿದರೆ ಸರ್ ಫೋನಿಗೆ ಮೆಸೇಜ್ ಕಳಿಸುತ್ತದೆ. ಜುಲೈ 19ರ ರಾತ್ರಿ ಹತ್ತಕ್ಕೆ ಮೆಸೇಜ್ ಬಂತು, 312 ಹಾಳೆ ಅಂತ. ಮಾರನೇ ದಿನ ಜಿಎಸ್‌ಟಿ ರಿಟರ್ನ್ ಕೊನೇ ದಿನ, ನಮ್ಮ ಆರ್ಟಿಕಲ್ ಹುಡುಗಿ (ಸಿಎ ತರಬೇತಿಗೆ ಬಂದವಳು) ಕೂತು ಕೆಲಸ ಮಾಡುತ್ತಿದ್ದಳು. ಪಾಪ, ಅವಳಿಗೆ ತನ್ನ ಮೇಲೆ ಕಣ್ಣಿಟ್ಟಿದ್ದಾರೆ ಅಂತ ಬೇಜಾರಾಯಿತು. ಅವಳ ಬೇಜಾರು ಸರಿಯಾಗಿಯೇ ಇತ್ತು. ಆಮೇಲೆ ಎಲ್ಲರನ್ನೂ ಕೂರಿಸಿ, ಇದು ಏನು ನೋಡುತ್ತದೆ, ಏನು ನೋಡುವುದಿಲ್ಲ ಅಂತ ಬಿಡಿಸಿ ಹೇಳಿದೆವು. ಮೊದಲ ದಿನವೇ ಹೇಳಬೇಕಿತ್ತು. ಈ ಭಾಗ ಬೇಡವೇ ಬೇಡ ಅಂತ ಮಾತ್ರ ನಾನು ಹೇಳುವುದಿಲ್ಲ. 2016ರಲ್ಲಿ ಬಾಂಗ್ಲಾದೇಶ ಬ್ಯಾಂಕಿನಿಂದ ಕಳ್ಳರು 8.1 ಕೋಟಿ ಡಾಲರ್ ಹೊಡೆದಾಗ, ಹಣ ವರ್ಗಾವಣೆಯ ಸಂದೇಶ ಪ್ರಿಂಟ್ ಆಗಬೇಕಿದ್ದ ಪ್ರಿಂಟರ್ ಅವತ್ತು ಕೆಲಸ ಮಾಡಿರಲಿಲ್ಲ. ಮಾಮೂಲಿ ರಿಪೇರಿ ಅಂದುಕೊಂಡರು. ಪ್ರಿಂಟರ್ ಯಾಕೆ ಸುಮ್ಮನಾಯಿತು ಅಂತ ಕೇಳುವವರು ಯಾರಾದರೂ ಇರಬೇಕು.

ಈಗ ನನ್ನ ದೊಡ್ಡ ದೂರು. ಕನ್ನಡ.

ನಮ್ಮಲ್ಲಿ ಪಾಲುಪಟ್ಟಿ, ಬಾಡಿಗೆ ಕರಾರು, ಸಂಘದ ಠರಾವು, ಎಲ್ಲಾ ಕನ್ನಡದಲ್ಲೇ ಬರುತ್ತವೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದವು. ಒಂದು ಪಾಲುಪಟ್ಟಿಯ ಕರಡು ಪ್ರಿಂಟ್ ಕೊಟ್ಟೆ. ಅಣ್ಣತಮ್ಮಂದಿರ ಹೆಸರು, ಜಮೀನಿನ ಚೆಕ್ಕುಬಂದಿ, ಯಾರಿಗೆ ಎಷ್ಟು ಗುಂಟೆ ಅನ್ನುವುದೆಲ್ಲ ಅದರಲ್ಲಿತ್ತು. "ಸಾಮಾನ್ಯ ಕಾಗದ" ಅಂತ ಹಸಿರು ತೋರಿಸಿ ಬಿಟ್ಟುಬಿಟ್ಟಿತು. ಅದನ್ನೇ ಯೂನಿಕೋಡ್‌ಗೆ ಬದಲಾಯಿಸಿ ಕೊಟ್ಟೆ. "ಆಸ್ತಿ ಪತ್ರ, ಗೌಪ್ಯ" ಅಂತ ತಡೆಯಿತು. ಹಳೇ ನುಡಿಯಲ್ಲಿ ನಮ್ಮ ಕಣ್ಣಿಗೆ ಕನ್ನಡ ಕಂಡರೂ ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಮಷೀನ್ ಓದುವುದು ಒಳಗಿನದ್ದನ್ನು. ಅದಕ್ಕೆ ಏನೂ ಅರ್ಥವಾಗಲಿಲ್ಲ, ಅರ್ಥವಾಗದ್ದನ್ನು ಅಪಾಯವಿಲ್ಲ ಅಂತ ಬಿಟ್ಟಿತು. ನನಗೆ ಸಿಟ್ಟು ಬಂದಿದ್ದು ಇಲ್ಲಿ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅಂತ ಹೇಳಬೇಕು, ಹಸಿರು ತೋರಿಸಬಾರದು.

ಮೂರು ಸಲ ಫೋನ್, ಎರಡು ಸಲ ಮೇಲ್ ಮಾಡಿದ ಮೇಲೆ ಡೀಲರ್ ಒಂದು ದಾರಿ ಮಾಡಿಕೊಟ್ಟರು. ನುಡಿ ಫಾಂಟ್ ಇರುವ ಫೈಲ್ ಬಂದರೆ ಅದನ್ನು ಚಿತ್ರದ ಹಾಗೆ ನೋಡಿ ಓದುತ್ತದೆ. ಹಾಳೆಗೆ ಐದಾರು ಸೆಕೆಂಡ್ ಹಿಡಿಯುತ್ತದೆ, ಒತ್ತಕ್ಷರದಲ್ಲಿ ಆಗಾಗ ಎಡವುತ್ತದೆ. ಸ್ಕ್ಯಾನ್ ಮಾಡಿದ ಹಳೇ ಪಹಣಿ ಮಸುಕಾಗಿದ್ದರೆ ಈಗಲೂ ಕೈ ಚೆಲ್ಲುತ್ತದೆ. ಆದರೆ ಈಗ ಹಸಿರು ಬದಲು ಹಳದಿ ತೋರಿಸುತ್ತದೆ. ನನಗೆ ಅಷ್ಟಾದರೂ ಸಮಾಧಾನ.

ತೆಗೆದುಕೊಳ್ಳುವವರು ಎರಡು ಮಾತು ಕೇಳಲೇಬೇಕು. ಮೊದಲನೆಯದು, ನಮ್ಮ ಕಾಗದವನ್ನು ಅದು ಎಲ್ಲಿ ಕೂತು ಓದುತ್ತದೆ? ಅಗ್ಗದ ಪ್ಲಾನಿನಲ್ಲಿ ಪ್ರತಿ ಹಾಳೆಯೂ ಅವರ ಸರ್ವರಿಗೆ ಹೋಗಿ ಬರುತ್ತದೆ. ಕಾಪಾಡಲು ಅಂತ ಇಟ್ಟವರ ಕೈಗೇ ಎಲ್ಲಾ ಕೊಟ್ಟ ಹಾಗೆ. ನಾವು ಆಫೀಸಿನೊಳಗೇ ಒಂದು ಸಣ್ಣ ಪೆಟ್ಟಿಗೆ ಇಡಿಸಿದ್ದೇವೆ, ಓದುವುದೆಲ್ಲ ಅದರಲ್ಲೇ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೆ ಇದೆ. ಮಾಹಿತಿ ಸೋರಿದರೆ ಜನ ಕೇಳುವುದು ಡೀಲರನ್ನಲ್ಲ, ನಮ್ಮನ್ನು.

ಎರಡನೆಯದು ಹಾರ್ಡ್ ಡಿಸ್ಕ್. ದೊಡ್ಡ ಪ್ರಿಂಟರ್‌ಗಳಲ್ಲಿ ಡಿಸ್ಕ್ ಇರುತ್ತದೆ, ಕಾಪಿ ಮಾಡಿದ ಹಾಳೆಗಳ ಚಿತ್ರ ಅದರಲ್ಲಿ ಉಳಿಯಬಹುದು. ಅಮೆರಿಕದಲ್ಲಿ ಅಫಿನಿಟಿ ಹೆಲ್ತ್ ಪ್ಲಾನ್ ಅನ್ನುವ ಆರೋಗ್ಯ ವಿಮೆ ಸಂಸ್ಥೆ ಬಾಡಿಗೆ ಕಾಪಿಯರ್‌ಗಳನ್ನು ಡಿಸ್ಕ್ ಅಳಿಸದೆ ವಾಪಸ್ ಕೊಟ್ಟು, 2013ರಲ್ಲಿ 12 ಲಕ್ಷ ಡಾಲರ್‌ಗೂ ಜಾಸ್ತಿ ಕಟ್ಟಬೇಕಾಯಿತು. ನಮ್ಮ ಹಳೇ ಮಷೀನ್ ವಾಪಸ್ ಹೋಗುವ ದಿನ ನಾನು ಎದುರಿಗೇ ನಿಂತು ಡಿಸ್ಕ್ ಬಿಚ್ಚಿಸಿದೆ. ಅಂಗೈಯಷ್ಟೇ ಇತ್ತು. ಆರು ವರ್ಷದ ಎಲ್ಲರ ಕಾಗದ ಅದರಲ್ಲಿ. ಸರ್ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇವೆ.

ಪಿನ್ ವ್ಯವಸ್ಥೆಗೆ ನಾನು ಐದಕ್ಕೆ ಐದು ಕೊಡುತ್ತೇನೆ. ಇಂಗ್ಲಿಷ್ ಕಾಗದ ಓದುವ ಎಐಗೆ ನಾಲ್ಕು. ಕನ್ನಡಕ್ಕೆ ಎರಡು, ಅದೂ ಜುಲೈ ನಂತರದ ಕೆಲಸ ನೋಡಿ. ಮುಂದಿನ ತಿಂಗಳು ಒಪ್ಪಂದ ಒಂದು ವರ್ಷಕ್ಕೆ ಮುಂದುವರಿಸುತ್ತಿದ್ದೇವೆ. ಕರಡಿನಲ್ಲಿ ಎರಡು ಸಾಲು ನಾನೇ ಸೇರಿಸಿದ್ದೇನೆ. ಮಷೀನ್ ವಾಪಸ್ ಹೋಗುವಾಗ ಡಿಸ್ಕ್ ನಮಗೆ. ಓದಲು ಬಾರದ ಕನ್ನಡ ಹಾಳೆ ಯಾವುದೇ ಇರಲಿ, ಕೇಳದೆ ಬಿಡುವ ಹಾಗಿಲ್ಲ. ಡೀಲರ್ ಮೊದಲನೆಯದಕ್ಕೆ ಒಪ್ಪಿದ್ದಾರೆ. ಎರಡನೆಯದಕ್ಕೆ ಕಂಪನಿಯನ್ನು ಕೇಳಿ ಹೇಳುತ್ತೇವೆ ಅಂದಿದ್ದಾರೆ. ಕರಡು ಸಹಿ ಆಗದೆ ಸರ್ ಟೇಬಲ್ ಮೇಲೆ ಇದೆ.